ಮಧ್ಯೆ ಬಾಯಿ ಹಾಕುವುದು

ಶಾಲೆಯ ಸಭಾಂಗಣದಲ್ಲಿ ಇರಿಸಿದ್ದ ಅಮ್ಮನ ಶವದ ಮೇಲಿನ ಹೂಗಳನ್ನು ಸರಿಸಿ ಮುಖ ಕಾಣುವಂತೆ ಮಾಡುತ್ತಿದ್ದಾಗಲೇ ಚಿಕ್ಕಮ್ಮ ಬಂದು, ಎಂಜಿನಿಯರ್ ಆಗಿದ್ದ ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು.

"ನಿನ್ ಮಗಳಿಗೆ ನಮ್ ಶಾಲೇಲಿ ಸೀಟು. ಅಕ್ಕನ ನೆನಪಿಗೆ. ಅಧ್ಯಕ್ಷರು ಈಗ ಎಲ್ಲರೆದುರೇ ಹೇಳ್ತಾರೆ."

"ನಾನು ಒಪ್ಪಿಲ್ಲ ಚಿಕ್ಕಮ್ಮ."

"ಸತ್ತವಳ ಮುಂದೆ ಕೊಸರಾಡಬೇಡ."

ಹೆಣ್ಣುಮಕ್ಕಳ ಶಾಲೆ ಅದು. ಚಿಕ್ಕಮ್ಮ ಈಗಿನ ಮುಖ್ಯೋಪಾಧ್ಯಾಯಿನಿ. ಅಮ್ಮ ಜೀವಮಾನವಿಡೀ ಅಲ್ಲಿ ಗಣಿತ ಕಲಿಸಿದವಳು. ಸಭಾಂಗಣದ ತುಂಬ ಹಳೆಯ ವಿದ್ಯಾರ್ಥಿನಿಯರು: ವೈದ್ಯೆ, ವಕೀಲೆ, ಬಸ್ಸು ಓಡಿಸುವವಳು. ಹುಡುಗರಿದ್ದ ತರಗತಿಯಾಗಿದ್ದರೆ ತಾವು ತುಟಿಪಿಟಕ್ಕೆನ್ನುತ್ತಿರಲಿಲ್ಲ ಎಂದು ಒಬ್ಬೊಬ್ಬರೂ ಕಣ್ಣೊರೆಸಿಕೊಂಡು ಹೇಳಿದರು. ಸುಳ್ಳೇನಲ್ಲ. ಅಮ್ಮನ ತರಗತಿಯಲ್ಲಿ ಒಂದು ಕಟ್ಟಳೆಯಿತ್ತು. ಎದ್ದು ನಿಂತವಳು ಉತ್ತರಿಸುವ ತನಕ ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ. ಗಂಟೆ ಹೊಡೆದರೂ ಸರಿಯೇ, ಕಾಯಬೇಕು. ಹಾಗೆ ಕಾದು ಕಾದೇ ಅವಳು ಎಷ್ಟೋ ಜನರ ಬಾಯಿಗೆ ಮಾತು ತರಿಸಿದ್ದಳು.

*

ಎಂಜಿನಿಯರ್ ಕೂಡ ಅಲ್ಲೇ ಓದಿದವಳು. ಮೊದಲ ಕೆಲಸದ ಕಚೇರಿಯಲ್ಲಿ ಉಳಿದವರೆಲ್ಲ ಗಂಡಸರು. ಸೇತುವೆಯ ಕಂಬವೊಂದರ ಲೆಕ್ಕ ತಪ್ಪಿದ್ದನ್ನು ಮೊದಲು ಕಂಡವಳು ಅವಳೇ. ಸಭೆಯಲ್ಲಿ ಎದ್ದು ನಿಂತಳು, ಎಲ್ಲರೂ ಸುಮ್ಮನಾಗಲಿ ಎಂದು ಕಾದಳು. ಯಾರೂ ಸುಮ್ಮನಾಗಲಿಲ್ಲ. ಬೆಳಿಗ್ಗೆ ಅವಳಿಂದಲೇ ಕೇಳಿ ತಿಳಿದಿದ್ದ ಪಕ್ಕದವನು ಕೂತಲ್ಲಿಂದಲೇ ಅದನ್ನು ಹೇಳಿ ಶಹಬ್ಬಾಸ್ ಗಿಟ್ಟಿಸಿದ. ಅವಳು ಪೆದ್ದಿಯ ಹಾಗೆ ನಿಂತೇ ಇದ್ದಳು.

ಮನೆಗೆ ಬಂದು ಅತ್ತಾಗ ಅಮ್ಮ, "ಅವರಿಗೆ ಕಾಯೋದನ್ನ ಯಾರೂ ಕಲಿಸಿಲ್ಲ" ಅಂದಳು.

"ನನಗೆ ಮಧ್ಯೆ ಬಾಯಿ ಹಾಕೋದನ್ನ ನೀನು ಕಲಿಸಲಿಲ್ಲ."

ಅಮ್ಮ ಅಂದು ಊಟ ಮಾಡಲಿಲ್ಲ.

*

ಆಡಳಿತ ಮಂಡಳಿಯ ಅಧ್ಯಕ್ಷರು ಮೈಕಿನಲ್ಲಿ ಹೊಗಳುತ್ತ ಹೊಗಳುತ್ತ ಸೀಟಿನ ಮಾತಿನತ್ತ ಬಂದರು. ಅವರು ಹೇಳಿದರೆ ಮುಗಿಯಿತು. ಇಷ್ಟು ಜನರೆದುರು, ಹೆಣದ ಮುಂದೆ, ಆಮೇಲೆ ಬೇಡ ಎನ್ನಲು ಯಾವ ಬಾಯಿ? ಅವರು ಉಸಿರೆಳೆದುಕೊಳ್ಳಲಿ ಎಂದು ಎಂಜಿನಿಯರ್ ಕಾದಳು. ಅವರೋ, ಮೈಕು ಸಿಕ್ಕರೆ ಉಸಿರೆಳೆಯುವವರ ಪೈಕಿ ಅಲ್ಲ.

"ಆದ್ದರಿಂದ ಇವರ ಮೊಮ್ಮಗಳಿಗೆ ಈ ಶಾಲೆಯಲ್ಲಿ..."

"ನಿಲ್ಲಿಸಿ."

ಧ್ವನಿ ಒಡೆದಿತ್ತು. ಆದರೂ ಮೈಕಿನವರೆಗೆ ನಡೆದಳು. "ನನ್ನ ಮಗಳು ಇಲ್ಲಿಗೆ ಬರಲ್ಲ. ಹುಡುಗರ ಜೊತೆ ಓದ್ತಾಳೆ. ಅವರ ಮಾತು ತಡೆಯೋದನ್ನ ಈಗ್ಲೇ ಕಲೀತಾಳೆ."

ಚಿಕ್ಕಮ್ಮ ಬಾಯಿಗೆ ಕೈ ಒತ್ತಿಕೊಂಡಳು. ಮುಂದಿನ ಸಾಲಿನ ವಕೀಲೆ ಮುಖ ತಿರುಗಿಸಿದಳು.

"ನಮ್ಮಮ್ಮ ಒಳ್ಳೆ ಟೀಚರ್. ಆದ್ರೆ ಹೊರಗೆ ಯಾರೂ..."

"ಅಮ್ಮಾ, ನನ್ನನ್ನ ಯಾರೂ ಕೇಳ್ಲೇ ಇಲ್ಲ."

ಅಂದದ್ದು ಅಜ್ಜಿಯ ಕಾಲ ಬಳಿ ನಿಂತಿದ್ದ ಅವಳ ಪುಟ್ಟ ಮಗಳು. ಮೈಕಿಲ್ಲದೆಯೂ ಆ ಮಾತು ಕೊನೆಯ ಸಾಲಿಗೆ ಕೇಳಿಸಿತು.

ತಾಯಿಗೆ ಸಿಟ್ಟು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಅಧ್ಯಕ್ಷರು ಏನೋ ಹೇಳಲು ಮುಂದೆ ಬಂದರು. ಅವಳು ಅವರತ್ತ ಅಂಗೈ ಚಾಚಿ ತಡೆದಳು. ಇನ್ನೊಂದು ಕೈಯಿಂದ ಮೈಕಿನ ಕಂಬದ ತಿರುಪು ಸಡಿಲಿಸಿ, ಅದನ್ನು ಮಗಳ ಎತ್ತರಕ್ಕೆ ಇಳಿಸತೊಡಗಿದಳು.