ಕಡಲಿಗೊಂದು ಚಕ್ಕುಬಂದಿ

"ಅಪ್ಪಯ್ಯ, ಈ ನಾಲ್ಕು ಸಂಖ್ಯೆ ಹೀಗೆ ಬರ್ದಿದ್ದು ಎಂತಕ್ಕೆ?"

ಮಂಗಳೂರಿನಲ್ಲಿ ಸಂಶೋಧನೆ ಮಾಡುತ್ತ, ಎಂಬತ್ತಮೂರನೇ ಇಸವಿಯ ಬೇಸಿಗೆ ರಜೆಗೆ ತೀರ್ಥಹಳ್ಳಿಗೆ ಬಂದಿದ್ದ ವೇದಾವತಿಯ ಕೈಯಲ್ಲಿ, ಬೆಂಗಳೂರಿನ ಗಣಕಕೇಂದ್ರದಿಂದ ಅಂಚೆಯಲ್ಲಿ ಬಂದ ಉದ್ದನೆಯ ಕಾಗದವಿತ್ತು. ಉಪಗ್ರಹ ಅಳೆದ ಕಡಲಿನ ಬಿಸುಪು ಸಾಲುಸಾಲಾಗಿ ಇರಬೇಕಾದಲ್ಲಿ ಒಂಟಿ ಸೊನ್ನೆ.

ನೋಂದಣಿ ಕಚೇರಿಯೆದುರು ಮೂವತ್ತು ವರ್ಷ ಕ್ರಯಪತ್ರ ಬರೆದ ಹೂವಪ್ಪ ಕನ್ನಡಕ ಏರಿಸಿದರು. ಮಗಳ ಅಕ್ಷರ ಗಣಕಕ್ಕೆ ಉಣಿಸುವ ಕಾರ್ಡಿಗೆ ತೂತು ಹೊಡೆಯುವವರಿಗೆ ತಿಳಿಯುವುದಿಲ್ಲವೆಂದು, ಯಾವ ಅಕ್ಷಾಂಶ, ರೇಖಾಂಶಗಳ ನಡುವಿನ ಕಡಲು ಬೇಕೆಂದು ಅವಳು ಬರೆದ ಚೀಟಿಯನ್ನು ಮುದ್ದಾಗಿ ಹಾಳೆಗೆ ಇಳಿಸಿಕೊಟ್ಟವರು ಅವರೇ.

"ನೀನು ದಕ್ಷಿಣ ಮೊದ್ಲು ಹಾಕಿದ್ದೆ ಮಾರಾಯ್ತಿ. ಯಾರಾದ್ರೂ ಹಾಗೆ ಬರೀತಾರೇನೆ? ಜಾಗದ ಎಲ್ಲೆ, ಚಕ್ಕುಬಂದಿ ಅಂದ್ರೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಸರಿ ಮಾಡ್ದೆ."

"ಕಂಪ್ಯೂಟರ್‌ಗೆ ದಿಕ್ಕು ಗೊತ್ತಿಲ್ಲ ಅಪ್ಪಯ್ಯ. ಮೊದ್ಲು ಸಿಕ್ಕಿದ್ದೇ ದಕ್ಷಿಣ, ಎರಡ್ನೇದು ಉತ್ತರ ಅಂದ್ಕೊಳ್ತದೆ. ದಕ್ಷಿಣದ ಗೆರೆ ಉತ್ತರದ್ದಕ್ಕಿಂತ ಮೇಲೆ ಹೋಯ್ತು. ಅಂಥ ಕಡಲು ಎಲ್ಲೂ ಇಲ್ಲ."

"ಅಷ್ಟೂ ತಿಳೀದ ಯಂತ್ರಕ್ಕೆ ಸರದಿ ಬೇರೆ ಕಾಯ್ಬೇಕಾ?"

ಅವಳು ನಕ್ಕಳು, ನಗು ಬೇಗ ಅಡಗಿತು. ಗಣಕದಲ್ಲಿ ಅವಳ ಪಾಲಿಗೆ ಉಳಿದಿದ್ದು ಇನ್ನೊಂದೇ ಸರದಿ. ಅದೂ ಬರಿದಾದರೆ ಈ ಕೆಲಸ ಬೇರೆಯವರ ಪಾಲೆಂದು ಮಾರ್ಗದರ್ಶಕರು ಮೊದಲೇ ಹೇಳಿದ್ದರು.

ಅದನ್ನು ಅವಳ ಬಾಯಿಂದ ಕೇಳಿದ ಹೂವಪ್ಪ ಕಾಗದವನ್ನು ಮಡಿಸಹೋಗಿ, ಮಡಿಸದೆ ಬಿಟ್ಟರು. "ನಾನು ಬರ್ದ ಎಲ್ಲೆ ಒಂದೂ ತಪ್ಪಿರ್ಲಿಲ್ಲ. ಈ ಸಲ ನೀನೇ ಬರಿ."

ವೇದಾವತಿ ಹೊಸ ಹಾಳೆಯನ್ನು ಅವರ ಮುಂದೆಯೇ ಸರಿಸಿದಳು. "ನನ್ನ ಅಕ್ಷರ ಯಾರು ಓದ್ತಾರೆ? ನೀವೇ ಬರೀರಿ, ನಾನು ಹೇಳ್ತೀನಿ. ದಕ್ಷಿಣ, ಹನ್ನೆರಡು."

ಪೆನ್ನು ಗಳಿಗೆ ಹೊತ್ತು ಹಾಳೆಯ ಮೇಲೆ ತೂಗಿ ನಿಂತಿತು. ಆಮೇಲೆ ಇಳಿಯಿತು: ಹನ್ನೆರಡು, ಹದಿನಾರು, ಎಪ್ಪತ್ತೊಂದು, ಎಪ್ಪತ್ತೈದು.

ಹದಿನೇಳನೆಯ ದಿನ ಉತ್ತರ ಬಂತು. ಹೂವಪ್ಪನ ಮೇಜಿನ ಮೇಲೆ ಇಬ್ಬರೂ ಅದನ್ನು ಬಿಚ್ಚಿ ಹರಡಿದರು. ಇಪ್ಪತ್ತೆಂಟು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಎಂದು ಕಡಲು ಸಾಲಾಗಿ ನಿಂತಿತ್ತು. ಬಲದಂಚಿಗೆ ಮಾತ್ರ ಪುಟ್ಟ ನಕ್ಷತ್ರಗಳು.

"ಈ ನಕ್ಷತ್ರ ಎಂತ?"

"ನೆಲ ಅಪ್ಪಯ್ಯ. ಅಲ್ಲಿ ಕಡಲಿಲ್ಲ ಅಂತ."

"ಹಾಗಾದ್ರೆ ಪೂರ್ವಕ್ಕೆ ನಾವು," ಎಂದರು ಹೂವಪ್ಪ. "ತೀರ್ಥಹಳ್ಳಿ ಎಲ್ಲಿ ತೋರ್ಸು."

ಅವಳ ಬೆರಳು ನಕ್ಷತ್ರಗಳನ್ನು ದಾಟಿತು, ಕಾಗದದ ಅಂಚನ್ನೂ ದಾಟಿ ಬರಿಯ ಮೇಜಿನ ಮೇಲೆ ನಿಂತಿತು. ಹೂವಪ್ಪ ತಮ್ಮ ಮಸಿಕುಡಿಕೆಯನ್ನು ಎತ್ತಿ ಅಲ್ಲಿಟ್ಟರು.