ಹತ್ತಿ ಇಟ್ಟುಕೊಂಡು ನೋಡಿದ ಬೀದಿಗಳು

ಮನೆ ನೋಡಲು ಹೊರಟವರು ನಲ್ಲಿ ತಿರುಗಿಸಿ ನೋಡುತ್ತಾರೆ, ಗೋಡೆ ಬಡಿದು ನೋಡುತ್ತಾರೆ, ಅಕ್ಕಪಕ್ಕದವರು ಎಂಥವರೆಂದು ಮೂಲೆ ಅಂಗಡಿಯವನನ್ನು ವಿಚಾರಿಸುತ್ತಾರೆ. ಈಕೆ ಮಾತ್ರ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದಳು. ರಕ್ತ ತೆಗೆದಮೇಲೆ ಒತ್ತಿ ಹಿಡಿಯಲು ಕೊಡುತ್ತಾರಲ್ಲ, ಆ ಹತ್ತಿ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸವಾದ್ದರಿಂದ ಅದಕ್ಕೆ ಬರವಿರಲಿಲ್ಲ. ಎರಡೂ ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡು ಬೀದಿಯ ಆ ತುದಿಯಿಂದ ಈ ತುದಿಗೆ ನಡೆದು, ಮೂರು ಸಲ ರಸ್ತೆ ದಾಟುತ್ತಿದ್ದಳು. ಬೆಳಿಗ್ಗೆ ಒಮ್ಮೆ, ಶಾಲೆ ಬಿಡುವ ಹೊತ್ತಿಗೆ ಇನ್ನೊಮ್ಮೆ. ಗಂಡ ಕಾರಿನಲ್ಲಿ ಕೂತು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅವನು ಡ್ರೈವಿಂಗ್ ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು ಕೂತು ಜೀವದ ಮೇಲೆ ಅವನಿಗೆ ವಿಪರೀತ ಆಸೆ ಬಂದಿತ್ತು.

ಇಷ್ಟೆಲ್ಲ ಹುಚ್ಚಾಟ ಮಗಳಿಗಾಗಿ. ಮನೆಯಲ್ಲಿ ಅವಳನ್ನು ಕರೆಯುವುದು ಚೂಟಿ ಎಂದು. ವಯಸ್ಸು ಒಂಬತ್ತು. ನಾಲ್ಕನೇ ವರ್ಷದಲ್ಲಿ ಬಂದ ಜ್ವರ ಹೋಗುವಾಗ ಕಿವಿಯನ್ನೂ ಕೊಂಡೊಯ್ದಿತ್ತು. ಕಿವಿಯ ಹಿಂದೆ ಮಷೀನು ಇತ್ತಾದರೂ ಅದರಿಂದ ಗಲಾಟೆ ಕೇಳುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ಹಿಂದಿನ ಊರಿನ ಶಾಲೆಯಲ್ಲಿ ಮಕ್ಕಳು ಒಂದು ಆಟ ಕಂಡುಹಿಡಿದಿದ್ದರು. ಅವಳೆದುರು ನಿಂತು ಸುಮ್ಮನೆ ತುಟಿ ಆಡಿಸುವುದು, ಬಾಯಿ ಅಗಲಿಸುವುದು. ಅವಳು ಕಣ್ಣರಳಿಸಿ ಓದಲು ಒದ್ದಾಡುವಾಗ ಎಲ್ಲರೂ ಗೊಳ್ಳೆಂದು ನಗುವುದು. ಅಂದಿನಿಂದ ಚೂಟಿ ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಆಮೇಲೆ ಮನೆಯಲ್ಲೂ ಮಾತು ಕಡಿಮೆಯಾಗುತ್ತ ಬಂತು. ಇದು ಹೀಗೇ ಮುಂದುವರಿದರೆ ಮಗಳು ಮಾತನ್ನೇ ಬಿಟ್ಟುಬಿಡುತ್ತಾಳೆ ಎಂಬ ಭಯ ತಾಯಿಗೆ ಹಿಡಿದಿತ್ತು. ಆ ಭಯಕ್ಕೇ ವರ್ಗ ಕೇಳಿಕೊಂಡು ಬಂದಿದ್ದಳು.

ತಾಯಿಯದೂ ಒಂದು ತಪ್ಪಿತ್ತು. ಊಟಕ್ಕೆ ಕೂತಾಗ ಗಂಡ ಏನಾದರೂ ತಮಾಷೆ ಮಾಡಿ ಇಬ್ಬರೂ ನಕ್ಕರೆ ಚೂಟಿ ತಲೆಯೆತ್ತಿ ಏನು ಎಂದು ಕೇಳುತ್ತಿದ್ದಳು. ತಾಯಿಯ ಬಾಯಲ್ಲಿ ತುತ್ತು, ತಲೆಯಲ್ಲಿ ನಾಳೆಯ ಡ್ಯೂಟಿ. "ಏನಿಲ್ಲಮ್ಮ, ಆಮೇಲೆ ಹೇಳ್ತೀನಿ" ಎಂದುಬಿಡುತ್ತಿದ್ದಳು. ಆ ಆಮೇಲೆ ಎಂಬುದು ಒಂದು ದಿನವೂ ಬಂದದ್ದಿಲ್ಲ.

ಊರು ಒಂದು ಕಾಲದಲ್ಲಿ ಬಟ್ಟೆ ಗಿರಣಿಗಳದು. ಗಿರಣಿಗಳು ಮುಚ್ಚಿ ಇಪ್ಪತ್ತು ವರ್ಷ ಕಳೆದಿದ್ದರೂ ಜನ ಇನ್ನೂ ಮೂರನೇ ಗೇಟು, ನೂಲಿಗೆ ಬಣ್ಣ ಹಾಕುವ ಮನೆ ಎಂದೇ ದಾರಿ ಹೇಳುತ್ತಿದ್ದರು. ಒಂದು ಗಿರಣಿ ಆಸ್ಪತ್ರೆಯಾಗಿತ್ತು. ಅದರ ಹಿಂದಿನ ಅತಿಥಿ ಕೋಣೆಯಲ್ಲಿ ಇವರಿಗೆ ಹದಿನೈದು ದಿನದ ವಾಸ. ಅಷ್ಟರಲ್ಲಿ ಮನೆ ಹುಡುಕಿಕೊಳ್ಳಬೇಕು. ಬಿಚ್ಚದ ಪೆಟ್ಟಿಗೆಗಳ ನಡುವೆ ಮೂರು ಮಂಚ. ತಾಯಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಿಟಕಿಯ ಕೆಳಗಿನ ಪೆಟ್ಟಿಗೆಯನ್ನು ಬಾಗಿಲಿಗೆ, ಬಾಗಿಲಿನದನ್ನು ಕಿಟಕಿಗೆ ಸಾಗಿಸುತ್ತಿದ್ದಳು. ನೀನು ಪೆಟ್ಟಿಗೆಗಳಿಗೂ ಬಡಾವಣೆ ತೋರಿಸ್ತಿದ್ದೀಯ ಎಂದು ಗಂಡ ರೇಗಿಸಿದರೆ ನಗುವಷ್ಟೂ ವ್ಯವಧಾನವಿರಲಿಲ್ಲ.

ಕಾಲುವೆ ಪಕ್ಕದ ಫ್ಲಾಟುಗಳನ್ನು ಅವಳು ಹೊಸ್ತಿಲಲ್ಲೇ ಬೇಡವೆಂದಳು. ಹಳೆಯ ಗಿರಣಿಯನ್ನೇ ಸಿಂಗರಿಸಿ ಕಟ್ಟಿದ ಕಟ್ಟಡ. ಗೇಟಿನಲ್ಲಿ ಗುಂಡಿ ಒತ್ತಿ ಒಂದು ತೂತಿನ ಜೊತೆ ಮಾತಾಡಿದರೆ ಮಾತ್ರ ಬಾಗಿಲು ತೆರೆಯುತ್ತದೆ. ತೂತಿಗೆ ತುಟಿ ಎಲ್ಲಿದೆ? ಸ್ಟೇಷನ್ ಹಿಂದಿನ ಬಡಾವಣೆಯಲ್ಲಿ ಹತ್ತಿ ಇಟ್ಟುಕೊಂಡು ದಾಟುವಾಗ ಸೈಕಲ್ಲೊಂದು ಸೆರಗು ಸವರಿಕೊಂಡು ಹೋಯಿತು. ಅದೂ ಬೇಡ. ಉಳಿದದ್ದು ಗುಡ್ಡದ ಮೇಲಿನ ಹೊಸ ಬಡಾವಣೆ. ಅಗಲ ಫುಟ್‌ಪಾತು, ಅಪರೂಪಕ್ಕೊಂದು ಕಾರು. ಬ್ರೋಕರ್ ಇದೇ ಊರಿನಲ್ಲಿ ಹುಟ್ಟಿ ಬೆಳೆದವನು, ಶರ್ಟಿನ ಇಸ್ತ್ರಿ ಕೆಡದ ಹಾಗೆ ಕಾರಿನಲ್ಲಿ ಕೂರುವ ನಾಜೂಕಿನವ. ನಿಮ್ಮಂಥವರಿಗೆ ಅದೇ ಸರಿ ಎಂದು ಅವನು ನಾಲ್ಕು ದಿನದಿಂದ ಹೇಳುತ್ತಲೇ ಇದ್ದ.

ಶನಿವಾರ ಮಧ್ಯಾಹ್ನ ಆ ಮನೆಯ ಒಳಗೆ ನೋಡಲು ಹೊರಟರೆ, ಬೀಗದಕೈ ತನ್ನ ತಾಯಿಯ ಮನೆಯಲ್ಲೇ ಉಳಿದಿದೆ ಎಂದು ಬ್ರೋಕರ್ ತಲೆ ಕೆರೆದುಕೊಂಡ. ಹೀಗಾಗಿ ಕಾರು ಅವನು ಯಾರಿಗೂ ತೋರಿಸದ ಬೀದಿಗೆ ಹೋಯಿತು. ಮಗ್ಗದ ಸಾಲು ಎಂದು ಅದರ ಹೆಸರು. ಒಂದಕ್ಕೊಂದು ಅಂಟಿದ ಪುಟ್ಟ ಮನೆಗಳ ಎರಡು ಸಾಲು, ನಡುವೆ ಇಕ್ಕಟ್ಟು ರಸ್ತೆ, ತುದಿಯಲ್ಲಿ ಗೋದಾಮು, ಹಿಮ್ಮುಖವಾಗಿ ಬರುತ್ತಿದ್ದ ಲಾರಿ. ಅವಳು ನೋಡಿದ ತಕ್ಷಣ ಮೂಗು ಮುರಿದಳು. ಆದರೂ ಅಭ್ಯಾಸಬಲ. ಬ್ರೋಕರ್ ಒಳಗೆ ಹೋಗಿ ಬರುವಷ್ಟರಲ್ಲಿ ಹತ್ತಿ ತುರುಕಿಕೊಂಡು ಇಳಿದು ನಡೆಯತೊಡಗಿದಳು.

ಬೀದಿಯ ತುದಿ ಮುಟ್ಟಿ ತಿರುಗಿದವಳು ಅಲ್ಲೇ ನಿಂತಳು. ಬ್ರೋಕರ್‌ನ ತಾಯಿ ಹೊಸ್ತಿಲಲ್ಲಿ ನಿಂತು ಕಾರಿನ ಕಡೆ ಬಾಯಿ ಅಗಲಿಸುತ್ತಿದ್ದಳು. ಹುಬ್ಬು ಏರಿಸಿ, ಕೆನ್ನೆ ಉಬ್ಬಿಸಿ, ತುಟಿಯನ್ನು ಎಳೆದೆಳೆದು ಆಡಿಸುತ್ತಿದ್ದಳು. ಎದುರು ಮನೆಯ ಕಿಟಕಿಯಲ್ಲಿ ಇನ್ನೊಬ್ಬ ಮುದುಕಿ, ಅವಳದೂ ಅದೇ ಚೇಷ್ಟೆ, ಜೊತೆಗೆ ನಗು. ಕಾರಿನ ಮುಚ್ಚಿದ ಗಾಜಿಗೆ ಮೂಗು ಒತ್ತಿ ಚೂಟಿ ನೋಡುತ್ತಿದ್ದಳು. ತಾಯಿ ಸರಕ್ಕನೆ ಕಿವಿಯ ಹತ್ತಿ ಕಿತ್ತಳು. ಸದ್ದೇ ಇಲ್ಲ. ಬರೀ ತುಟಿ. ಆ ಶಾಲೆಯ ಮಕ್ಕಳು ಮಾಡುತ್ತಿದ್ದ ಅದೇ ಆಟ.

"ಮಗೂನ ಅಣಕಿಸೋಕೆ ನಾಚಿಕೆ ಆಗಲ್ವಾ ನಿಮಗೆ? ಈ ವಯಸ್ಸಲ್ಲಿ?"

ಬೀದಿಗೆಲ್ಲ ಕೇಳುವಂತೆ ಇನ್ನೂ ಏನೇನೋ ಅಂದಳು. ಮುದುಕಿಯ ಮುಖ ಸಣ್ಣದಾಯಿತು. ಹೊಸ್ತಿಲಿನಿಂದ ಒಳಗೆ ಸರಿದಳು. ಬೀಗದಕೈ ಹಿಡಿದು ಬಂದ ಬ್ರೋಕರ್ ಕಿವಿಯ ತನಕ ಕೆಂಪಾಗಿದ್ದ. ಇವರೆಲ್ಲ ಹಳೇ ಮಗ್ಗದವರು, ಬಿಟ್ಟುಬಿಡಿ ಮೇಡಂ ಎಂದನೇ ಹೊರತು ಮತ್ತೊಂದು ಮಾತಾಡಲಿಲ್ಲ.

ಗುಡ್ಡದ ಮನೆ ಚೆನ್ನಾಗಿಯೇ ಇತ್ತು. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ, ಕಿಟಕಿಗಳಿಗೆಲ್ಲ ಪರದೆ ಇಳಿಬಿಟ್ಟಿತ್ತು. ಅಣಕಿಸಲು ಒಬ್ಬರಿಲ್ಲ ಎಂದು ಅವಳಿಗೆ ಸಮಾಧಾನ. ಮರುದಿನ ಹತ್ತು ಗಂಟೆಗೆ ಕರಾರಿಗೆ ಸಹಿ ಹಾಕುವುದೆಂದು ಮಾತಾಯಿತು.

ಸಂಜೆ ಅವಳು ಪೆಟ್ಟಿಗೆಗಳ ಮೇಲೆ ಯಾವುದು ಯಾವ ಕೋಣೆಗೆಂದು ಬರೆಯುತ್ತಿದ್ದಾಗ ಚೂಟಿ ಬಂದು ಸೆರಗು ಎಳೆದಳು. ಇನ್ನೊಂದ್ಸಲ ಅಲ್ಲಿಗೆ ಹೋಗೋಣ ಅಂದಳು. ಗುಡ್ಡಕ್ಕಾ ಎಂದರೆ ಅಲ್ಲ ಎಂದು ತಲೆಯಾಡಿಸಿದಳು.

"ಎದುರು ಮನೆ ಅಜ್ಜಿ ಬೆಕ್ಕು ಮೂರು ಮರಿ ಹಾಕಿದೆಯಂತೆ. ಒಂದಕ್ಕೆ ಅರ್ಧ ಬಾಲ ಅಂತೆ. ಈ ಕಡೆ ಮನೆ ಅಜ್ಜಿ, ಬಾಲ ಇಲ್ದಿದ್ರೂ ಪೊಗರು ಮಾತ್ರ ಪೂರ್ತಿ ಇದೆ ಅಂದ್ರು."

ತಿಂಗಳುಗಳಿಂದ ಮಗಳ ಬಾಯಿಂದ ಇಷ್ಟುದ್ದದ ಮಾತು ಬಂದಿರಲಿಲ್ಲ. ತಾಯಿ ಪೆನ್ನು ಹಿಡಿದೇ ಕೂತಳು. ನೀನು ಕಾರಿನೊಳಗಿದ್ದೆ, ಗಾಜು ಮುಚ್ಚಿತ್ತು, ಅವರು ಮಾತೇ ಆಡಲಿಲ್ಲವಲ್ಲ ಎಂದು ನಿಧಾನವಾಗಿ ಕೇಳಿದಳು.

"ಆಡಿದ್ರಮ್ಮ. ನಿನಗೆ ಕೇಳಿಸಲಿಲ್ಲ ಅಷ್ಟೆ."

ಬ್ರೋಕರ್‌ಗೆ ಫೋನ್ ಮಾಡಿದರೆ ಅವನು ಮೊದಲು ನಾಳೆಯ ಕರಾರಿನ ಮಾತೆತ್ತಿದ. ಆಮೇಲೆ ಒಂದೊಂದಾಗಿ ಬಿಚ್ಚಿದ. ನಾನೂರು ಮಗ್ಗ ಒಟ್ಟಿಗೆ ಬಡಿಯುತ್ತಿದ್ದ ಶೆಡ್ಡಿನಲ್ಲಿ ಕೂಗಿದರೂ ಕೇಳುವ ಮಾತಿಲ್ಲ. ಹೆಂಗಸರು ಮೂವತ್ತು ವರ್ಷ ತುಟಿಯಲ್ಲೇ ಕಷ್ಟಸುಖ ಆಡಿಕೊಂಡರು. ಆಮೇಲೆ ಅರ್ಧ ಜನಕ್ಕೆ ಕಿವಿಯೂ ಹೋಯಿತು. ಗಿರಣಿ ಮುಚ್ಚಿದರೂ ಅಭ್ಯಾಸ ಹೋಗಲಿಲ್ಲ.

"ಚಿಕ್ಕವನಿದ್ದಾಗ ಅಮ್ಮ ಹಂಗೆ ಮಾತಾಡಿದ್ರೆ ಫ್ರೆಂಡ್ಸ್ ಮುಂದೆ ನನಗೆ ನಾಚಿಕೆ ಆಗ್ತಿತ್ತು ಮೇಡಂ. ಇವತ್ತೂ ಆಯ್ತು. ಅದಕ್ಕೇ ಬಾಯಿ ಬಿಡಲಿಲ್ಲ."

ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಬೀದಿ ಬೀದಿಯಲ್ಲಿ ಕಿವಿ ಮುಚ್ಚಿಕೊಂಡು ಮಗಳಂತೆ ನಡೆದೆ ಎಂದುಕೊಂಡಿದ್ದಳು. ಕಿವಿ ಮುಚ್ಚಿದ್ದಷ್ಟೇ ಬಂತು; ಮಗಳ ಹಾಗೆ ಕಣ್ಣು ಬಿಡಲು ಒಂದು ಸಲವೂ ಹೊಳೆದಿರಲಿಲ್ಲ.

ಮರುದಿನ ಒಂಬತ್ತೂವರೆಗೆ ಕಾರು ಮಗ್ಗದ ಸಾಲಿನಲ್ಲಿ ನಿಂತಿತು. ಅವಳು ಕ್ಷಮೆ ಕೇಳಲು ರಾತ್ರಿಯೆಲ್ಲ ಜೋಡಿಸಿಕೊಂಡ ಮಾತು ಹೊಸ್ತಿಲ ಮುಂದೆ ಮರೆತೇ ಹೋಯಿತು. "ತಪ್ಪಾಯ್ತು" ಎಂದಷ್ಟೇ ಹೇಳಿದಳು. ಮುದುಕಿ ಅವಳ ತುಟಿ ನೋಡಿ ತಲೆಯಾಡಿಸಿದಳು, ತಾನೂ ಸದ್ದಿಲ್ಲದೆ ಏನೋ ಅಂದಳು. ಇವಳು ಪಿಳಿಪಿಳಿ ನೋಡಿದಳು. ಕೊನೆಗೆ ಮುದುಕಿ, ಕಿವುಡರಿಗೆ ಹೇಳುವಂತೆ, ಗಟ್ಟಿ ದನಿಯಲ್ಲಿ, ಕೂತ್ಕೋ ಎಂದು ಮೆಟ್ಟಿಲು ತೋರಿಸಿದಳು.

ಚೂಟಿ ಆಗಲೇ ರಸ್ತೆಯ ನಡುವೆ ಬೆಕ್ಕಿನ ಮನೆಯತ್ತ ಹೊರಟಿದ್ದಳು. ಅವಳ ಬೆನ್ನ ಹಿಂದೆ ಲಾರಿ ಹಿಮ್ಮುಖವಾಗಿ ಬರುತ್ತಿತ್ತು. ತಾಯಿ ಎದ್ದು ಬಾಯಿ ತೆರೆಯುವಷ್ಟರಲ್ಲಿ ಕಿಟಕಿಯ ಮುದುಕಿಯ ತುಟಿ ಆಡಿತು, ಹುಡುಗಿ ತಟ್ಟನೆ ಎದುರು ಮೆಟ್ಟಿಲು ಹತ್ತಿ ನಿಂತಳು. ಲಾರಿ ತನ್ನ ಪಾಡಿಗೆ ಹೋಯಿತು. ತಾಯಿ ಮತ್ತೆ ಮೆಟ್ಟಿಲ ಮೇಲೆ ಕೂತಳು.

ಗಂಡ ಗಡಿಯಾರ ನೋಡಿ, ಹತ್ತಾಯ್ತು, ಗುಡ್ಡದಲ್ಲಿ ಕಾಯ್ತಿರ್ತಾರೆ ಎಂದು ನೆನಪಿಸಿದ. ಬರಲ್ಲ ಅಂತ ಹೇಳಿಬಿಡಿ ಅಂದಳು. ಮುದುಕಿಯ ಮನೆಯಿಂದ ಮೂರನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಅದು ಯಾರದೆಂದು ಬ್ರೋಕರ್‌ನನ್ನು ಕೇಳಬೇಕು. ಎರಡು ವಾರದಲ್ಲಿ ಮೊದಲ ಸಲ ಅವಳು ಕೂತಲ್ಲೇ ಕೂತಿದ್ದಳು.

ಈ ಕಡೆ ಮೆಟ್ಟಿಲಿನ ಮುದುಕಿಯಿಂದ ಆ ಕಡೆ ಕಿಟಕಿಗೆ, ಕಿಟಕಿಯಿಂದ ಬೆಕ್ಕಿನಮರಿ ಎತ್ತಿಕೊಂಡ ಹುಡುಗಿಗೆ ಮಾತು ಓಡಾಡುತ್ತಿತ್ತು, ಬೀದಿ ಮಾತ್ರ ನಿಶ್ಶಬ್ದ. ಇದ್ದಕ್ಕಿದ್ದಂತೆ ಮೂವರೂ ನಕ್ಕರು. ಚೂಟಿ ಹೊಟ್ಟೆ ಹಿಡಿದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ನಕ್ಕಳು.

ತಾಯಿಗೆ ತಡೆಯಲಾಗಲಿಲ್ಲ. ರಸ್ತೆ ದಾಟಿ ಹೋಗಿ ಮಗಳ ಭುಜ ಮುಟ್ಟಿ ಏನು, ಏನಂದ್ರು ಎಂದು ಕೇಳಿದಳು.

ಚೂಟಿ ಅವಳ ತುಟಿಯತ್ತ ಅರೆಗಳಿಗೆ ನೋಡಿ, ಕಣ್ಣನ್ನು ಮತ್ತೆ ಮುದುಕಿಯರ ಕಡೆಗೆ ತಿರುಗಿಸಿದಳು.

"ಏನಿಲ್ಲಮ್ಮ, ಆಮೇಲೆ ಹೇಳ್ತೀನಿ."