ಉರುಕಿನ ದಿಬ್ಬದಲ್ಲೊಂದು ತೂತು

೧
ಜಗತ್ತಿನ ಮೊದಮೊದಲ ಪಟ್ಟಣದ ಕಥೆಯನ್ನು ಯಾವ ತುದಿಯಿಂದ ಹಿಡಿಯೋದು, ನೀವೇ ಹೇಳಿ. ಗುಡಿಯಿಂದ ಅಂದಿರಾ? ನಾನೂ ಹಾಗೇ ಮಾಡಿದೆ. “ಉರುಕ್ ನಗರವು ಯೂಫ್ರೆಟಿಸ್ ದಡದಲ್ಲಿ ವೈಭವದಿಂದ...” ಅಂತ ಎರಡು ಪುಟ. ಥೂ, ಪಠ್ಯಪುಸ್ತಕ! ಹರಿದು ಹಾಕಿದೆ.

೨
ಗೆಮೆಲಮ್ಮನನ್ನೇ ಹಿಡಿಯೋಣ. (ಹೆಸರು ಕೇಳಿ ಪಕ್ಕದ ಬೀದಿಯವಳು ಅಂದುಕೊಳ್ಳಬೇಡಿ. ಅಪ್ಪಟ ಉರುಕಿನ ಕುಂಬಾರಗಿತ್ತಿ.) ತಾಯಿ ಸತ್ತು ಆರು ವರ್ಷ. ಎಲ್ಲರ ಹಾಗೆ ಅವಳನ್ನೂ ಮನೆಯ ನೆಲದಡಿಯೇ ಹೂತಿದ್ದಾರೆ. ಪ್ರತಿ ಅಮಾವಾಸ್ಯೆಗೆ, ನೆಲದಲ್ಲಿ ನೆಟ್ಟ ಮಣ್ಣಿನ ಕೊಳವೆಯೊಳಗೆ ನೀರು ಹೊಯ್ಯಬೇಕು. ತಪ್ಪಿದರೆ ಸತ್ತವರು ಕೆಳಗೆ ಬಾಯಾರಿ ಧೂಳು ತಿಂತಾರೆ.

ಈಗ ದೇವಿಯ ಗುಡಿ ನಿಂತಿರುವ ಇಟ್ಟಿಗೆಯ ದಿಬ್ಬವನ್ನು ದೊಡ್ಡದು ಮಾಡುತ್ತಿದ್ದಾರೆ. ಪಕ್ಕದಲ್ಲೇ ಇರುವ ಗೆಮೆಲಮ್ಮನ ಮನೆಗೆ ಇಟ್ಟಿಗೆ ತುಂಬಿ ಮುಚ್ಚುತ್ತಾರಂತೆ.

“ನಿಮ್ಮವ್ವ ದೇವಿಯ ಪಾದದಡೀಲೇ ಇರ್ತಾಳಲ್ಲಕ್ಕಾ, ಪುಣ್ಯವಂತೆ,” ಅಂದ ಮೇಸ್ತ್ರಿ ಉರ್ನಿಗರ.

“ಪುಣ್ಯ ಕುಡಿದ್ರೆ ಬಾಯಾರಿಕೆ ಹೋಗುತ್ತೇನೋ? ನಿಮ್ಮವ್ವನ್ನ ಮಲಗಿಸು ಅಲ್ಲಿ!”

೩
[ಕೈಬಿಟ್ಟ ಡ್ರಾಫ್ಟ್: ಗೆಮೆಲಮ್ಮ ಕಣ್ಣೀರಿಟ್ಟು, ಊರಿಗಾಗಿ ಮನೆ ಬಿಟ್ಟುಕೊಟ್ಟಳು.]

“ಯಾರಯ್ಯಾ ನೀನು? ನಾನ್ಯಾವಾಗ ಅತ್ತೆ?” ಅಂತ ಅವಳು ನನ್ನ ಮೇಲೇ ಹರಿಹಾಯ್ದಳು.

“ಹಾಗಾದ್ರೆ ಮೂಳೆ ತೆಗೆದು ಬೇರೆ ಕಡೆ ಹೂಳಿಬಿಡಮ್ಮಾ. ನನಗೂ ಕಥೆ ಸಲೀಸು.”

“ಮಲಗಿದೋರನ್ನ ಎಬ್ಬಿಸ್ತಾರೇನೋ, ಮುಠ್ಠಾಳ?”

ಬೈಸಿಕೊಂಡೆ. (ಲೇಖಕನಾದವನಿಗೆ ಇದೆಲ್ಲ ಮಾಮೂಲು.)

೪
ಅವಳು ಮಾಡಿದ್ದು ಇಷ್ಟೇ. ಹೊಸ ಮಣ್ಣಿನ ಕೊಳವೆಗಳನ್ನು ಮಾಡಿ ಸುಟ್ಟಳು. ಆಳುಗಳು ಒಂದು ವರಸೆ ಇಟ್ಟಿಗೆ ಏರಿಸಿದಾಗಲೆಲ್ಲ ಹಳೆಯ ಕೊಳವೆಯ ಮೇಲೆ ಇನ್ನೊಂದು ಕೂರಿಸಿ, ಸಂದಿಗೆ ಡಾಂಬರು ಮೆತ್ತಿದಳು. ಉರ್ನಿಗರ ಒದ್ದು ಒಡೆದ.

“ಒಡಿ. ನಾನು ಕುಂಬಾರಗಿತ್ತಿ ಕಣೋ. ನಿನ್ನ ಕಾಲು ಸೋಲ್ಬೇಕು, ನನ್ನ ಕೈ ಸೋಲಲ್ಲ.”

ಮೂರು ಸಲ ಒಡೆದ, ನಾಲ್ಕನೇ ಸಲ ಸುಮ್ಮನಾದ. ಆಳುಗಳಂತೂ ಆ ಹೊತ್ತಿಗೆ ತಾವಾಗೇ ಕೊಳವೆಯ ಸುತ್ತ ಜಾಗ ಬಿಟ್ಟು ಇಟ್ಟಿಗೆ ಇಡುತ್ತಿದ್ದರು. ಅವರ ಮನೆಗಳೂ ಅದೇ ಸಾಲಿನಲ್ಲಿದ್ದವು, ನೆಲದಡಿ ಅವರ ಹಿರಿಯರೂ ಇದ್ದರು, ನೋಡಿ.

ದಿಬ್ಬ ಆಳೆತ್ತರ ದಾಟಿತು. ಉಳಿದಿದ್ದು ಮೇಲಿನ ಗಾರೆ ಮಾತ್ರ.

“ಅಕ್ಕಾ, ದೇವಿ ಕೂರೋ ನೆಲದಲ್ಲಿ ತೂತು ಕಂಡ್ರೆ ಪೂಜಾರಿ ನನ್ನ ತಲೆ ತೆಗೀತಾನೆ,” ಉರ್ನಿಗರ ಈಗ ಬೇಡಿಕೊಳ್ಳುತ್ತಿದ್ದ.

“ನಾಳೆ ಅಮಾವಾಸ್ಯೆ. ಕೊಡ ತಗೊಂಡು ಬರ್ತೀನಿ.”

೫
ಎಂಡಿಂಗ್ ಒಂದು: ಉರ್ನಿಗರ ಗಾರೆ ಬಳಿದುಬಿಟ್ಟ. (ನಂಬುವ ಹಾಗಿದೆ. ಬರೆಯಲು ನನಗೆ ಮನಸ್ಸಿಲ್ಲ.)

ಎಂಡಿಂಗ್ ಎರಡು: ಪೂಜಾರಿಯ ಮನ ಕರಗಿತು. (ಆಹಾ, ಸಿನಿಮಾ!)

ಇನ್ನು ಮೂರನೆಯದು ಏನಪ್ಪಾ ಅಂತ ತಲೆ ಕೆರೆದುಕೊಳ್ಳುವಷ್ಟರಲ್ಲಿ ಗೆಮೆಲಮ್ಮ ಕೊಡ ಹೊತ್ತು ದಿಬ್ಬ ಹತ್ತುತ್ತಿದ್ದಳು. ಮೇಲೆ ಉರ್ನಿಗರ ಗಾರೆಯ ಬುಟ್ಟಿ ಹಿಡಿದು ನಿಂತಿದ್ದ. ಅವಳ ಹಿಂದೆ ಯಾರೋ ಬಂದ ಸದ್ದಾಯಿತು. ನೋಡಿದರೆ ಇಟ್ಟಿಗೆಯ ಆಳುಗಳು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕೊಡ.

“ಸಾಕಮ್ಮಾ, ಇಲ್ಲಿಗೆ ಮುಗಿಸ್ತೀನಿ,” ಅಂದೆ.

“ಮುಗಿಸಿ ಮನೆಗೆ ಹೋಗ್ತೀಯಾ? ಮುಂದಿನ ಅಮಾವಾಸ್ಯೆಗೆ ಕೆಳಗೆ ಮಲಗಿದೋರಿಗೆಲ್ಲ ನೀರು ಯಾರು, ನಿಮ್ಮಪ್ಪ ಹೊಯ್ತಾನಾ? ದಾರಿ ಬಿಡು.”

ಬಿಟ್ಟೆ. ಅವಳು ಹತ್ತುತ್ತಲೇ ಇದ್ದಾಳೆ, ಹಿಂದೆ ಅವರೂ